ಎರಡು ಮಿಲಿಮೀಟರ್

ಕೌಲ್ ಬಜಾರಿನ ಗುಜರಿ ಅಂಗಡಿಯಲ್ಲಿ
ಜಿಲಾನ್ ಬಾಷಾ ಅಲಾಯ್ ಗಾಲಿಯನ್ನು
ಕಲ್ಲಂಗಡಿಯಂತೆ ತಟ್ಟಿ ನೋಡಿದ:
ಬಿರುಕಿಲ್ಲ.

"ಯಾರದ್ದೋ ಲೀನಿಯಾದ್ದು. ತೂತು ನಾಲ್ಕು, ನಿಮ್ಮದೂ ನಾಲ್ಕು.
ಆದ್ರ ತೂತು ಎಣಿಸಿ ಸಂಬಂಧ ಮಾಡಬಾರದು ಸಾಹೇಬ್ರ."

ನನಗೆ ಆಗಲೇ ಅದು ನನ್ನದು.
ಕಡ್ಡಿಗಳ ಸಂದಿನ ಅದಿರಿನ ಕೆಂಪು
ಬೆರಳಿಂದ ಒರೆಸುತ್ತ, ಮನಸ್ಸಿನಲ್ಲೇ
ತೋರಣಗಲ್ಲು ದಾಟಿಬಿಟ್ಟಿದ್ದೆ.

ಜಾಕ್ ಏರಿತು.
ಮೊದಲ ನಟ್ಟು ಸಲೀಸು.
ಎರಡನೆಯದು ಗೊಣಗಿತು.
ಮೂರನೆಯದಕ್ಕೆ ಅವ ಪಾನಾ ಕೆಳಗಿಟ್ಟ;
ಜೇಬಿನ ವರ್ನಿಯರ್ ತೆಗೆದು
ಎದುರುಬದುರು ತೂತುಗಳ ನಡುವೆ ಚಾಚಿದ:
ತೊಂಬತ್ತೆಂಟು.
ನನ್ನದು ನೂರು.

"ಒತ್ತಿ ಬಿಗಿದರೆ ಕೂಡ್ತೈತಿ," ಅಂದೆ.
"ಕೂಡ್ತೈತಿ. ಅರವತ್ತರ ಮ್ಯಾಲೆ ನಡುಗ್ತೈತಿ."

ಮತ್ತೆ ನನ್ನ ತಗಡಿನ ಗಾಲಿಯೇ,
ಕ್ಯಾಪಿಲ್ಲದ್ದು,
ಹಬ್ಬಿನ ಮೇಲೆ ಟಪ್ಪೆಂದು ಕೂತಿತು.
ಕೈ ಬಿಟ್ಟರೂ ಬೀಳಲಿಲ್ಲ.
ಚಹಾದ ದುಡ್ಡು ಅವನೇ ಕೊಟ್ಟ.