ಅವರೆಕಾಳಿನಷ್ಟು ಜಾಗ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಪಾತ್ರೆ ಅಂಗಡಿಗೆ ತಾಗಿ
ಒಂಬತ್ತಡಿ ಜಾಗ. ಗಫಾರ್ ಮಾಸ್ಟರದು ಕತ್ತರಿ,
ನನ್ನದು ಕಾಜಾ, ಗುಂಡಿ, ಹೆಮ್ಮಿಂಗು.
ಹತ್ತೊಂಬತ್ತು ವರ್ಷ.

ಮೊದಲೆಲ್ಲ ಅವರು ಟೇಪು ಬಿಚ್ಚುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ.
ಮೆಟ್ಟಿಲು ಹತ್ತುವಷ್ಟರಲ್ಲೇ ಅಳತೆ ಕಣ್ಣಲ್ಲಿ ಬರೆದಾಗಿರುತ್ತಿತ್ತು.
ಮುಖ ನೋಡುವ ಅಭ್ಯಾಸವೇ ಇಲ್ಲ.
"ಮುಖಕ್ಕೆ ಯಾರಮ್ಮ ಬಟ್ಟೆ ಹೊಲೀತಾರೆ?" ಅನ್ನುತ್ತಿದ್ದರು.
ರಸ್ತೆಯ ಆಚೆ ಬದಿ ಒಂದು ಬೆನ್ನು ಕಂಡರೆ ಸಾಕು:
"ಅಗೋ, ಎಡಭುಜ ಅರ್ಧ ಇಂಚು ಇಳಿದಿದೆ, ಕಂದಾಯ ಆಫೀಸಿನ ಜವರಪ್ಪ."

ಆಷಾಢದ ಒಂದು ಬೆಳಗ್ಗೆ ಹೊಡೆತ ಬಿತ್ತು.
ಕೈ ಉಳಿಯಿತು, ಬಾಯಿ ಉಳಿಯಿತು,
ಬೆಂಕಿಪೊಟ್ಟಣ, ಬೀಗ, ಹೆಂಡತಿಯ ಮೂಗುತಿ, ಎಲ್ಲಕ್ಕೂ ಗುರುತು ಸಿಕ್ಕಿತು.
ಮನುಷ್ಯರಿಗೆ ಸಿಗಲಿಲ್ಲ.
ಮುಖ ಇತ್ತಂತೆ. ಕತ್ತಿನಿಂದ ಕೆಳಗೆ
ಮೊಣಕೈ ಒಂದು ಕಡೆ, ಸೊಂಟ ಒಂದು ಕಡೆ,
ಕತ್ತರಿಸಿಟ್ಟ ತುಂಡುಗಳು, ಹೊಲಿಗೆ ಬೀಳದೆ.

ಮೊದಲ ವಾರ ಆಲೂಗಡ್ಡೆ ಮಂಡಿಯ ಸಣ್ಣೇಗೌಡರನ್ನು ನಿಲ್ಲಿಸಿಕೊಂಡು
ಟೇಪಿನ ತುದಿ ಎಲ್ಲಿಡಬೇಕೆಂದು ತಿಳಿಯದೆ
ಅವರ ಜೇಬನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು.
ಗೌಡರು ಕೊನೆಗೆ ಹತ್ತು ರೂಪಾಯಿ ತೆಗೆದು ಕೊಟ್ಟರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು
ಕಿವಿಯ ಹಿಂದೆ, ಕೊಂಚ ಮೇಲೆ, ಬೆರಳಿಟ್ಟಳು:
ಇಲ್ಲೊಂದು ಅವರೆಕಾಳಿನಷ್ಟು ಜಾಗ.
ಕಣ್ಣು ತಂದು ಸುರಿದದ್ದರಲ್ಲಿ ಮೈಯನ್ನು ಆರಿಸಿಕೊಳ್ಳುತ್ತದೆ.
ಕುರ್ಚಿ ಕಂಡರೆ ಸುಮ್ಮನಿರುತ್ತದೆ, ಮುಖ ಬಂದರೂ ಅಷ್ಟಕ್ಕಷ್ಟೆ.
ಮಗು ಗೋಡೆ ಮೇಲೆ ನಾಲ್ಕು ಕಡ್ಡಿ ಗೀಚಿದರೆ
'ಆಳು!' ಎಂದು ಎದ್ದು ಕೂರುತ್ತದೆ.
ಅದೇ ಆಳನ್ನು ತಲೆಕೆಳಗು ಮಾಡಿ, ತಡವರಿಸುತ್ತದೆ.
ಮಾಸ್ಟರ್ ಕೇಳಿದ್ದು ಒಂದೇ: "ಅದಕ್ಕೆ ತೇಪೆ ಹಾಕೋಕಾಗಲ್ವಾ?"

ನನ್ನ ಕಾಳು ಗಟ್ಟಿ. ಅತಿ ಗಟ್ಟಿ.
ರಾತ್ರಿ ಷಟರ್ ಎಳೆಯುವಾಗ ಹ್ಯಾಂಗರಿನ ಸಫಾರಿ
ಗಾಳಿಗೆ ಸುಮ್ಮನೆ ತಿರುಗಿದರೂ ಎದೆ ಧಸಕ್ಕೆನ್ನುತ್ತದೆ.
ಅಲ್ಲಿ ಯಾರೂ ಇಲ್ಲವೆಂದು ನಾನು ತಿಳಿಯುವ ಮೊದಲೇ
ಯಾರೋ ಇದ್ದಾರೆಂದು ಅದಕ್ಕೆ ಗೊತ್ತಾಗಿರುತ್ತದೆ.
ಮಾಸ್ಟರಿಗೆ ಎದುರು ನಿಂತವರೇ ಹ್ಯಾಂಗರು.

ಈಗ ಅವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ.
ಟೇಪು ನನ್ನ ಕೈಯಲ್ಲಿ. ನಾನು ಕೂಗಬೇಕು, ಅವರು ಬರೆಯಬೇಕು.
ಮೊನ್ನೆ ಒಬ್ಬ ಹುಡುಗಿ ಬಂದಳು, ಮದುವೆ ರವಿಕೆಗೆ.
ಭುಜ ಹದಿನಾಲ್ಕೂಕಾಲು.
ಎದೆ ಮೂವತ್ತೆರಡು.
ತೋಳು ಬಲಕ್ಕೆ ಒಂಬತ್ತು, ಎಡಕ್ಕೆ ಎಂಟೂಮುಕ್ಕಾಲು.
ಪೆನ್ಸಿಲ್ ನಿಂತಿತು.
"ದುದ್ದದ ಪುಟ್ಟಲಿಂಗಮ್ಮನ ಮೊಮ್ಮಗಳಾ?" ಅಂದರು, ಗೋಡೆಗೇ.
"ನಿಮ್ಮಮ್ಮಂಗೂ ಎಡತೋಳು ಹಿಂಗೇ ಕಾಲಿಂಚು ಕಮ್ಮಿ."

ಹುಡುಗಿ ತನ್ನ ಎಡತೋಳನ್ನು
ಯಾರೋ ಈಗಷ್ಟೇ ಕೊಟ್ಟ ಹಾಗೆ ಎತ್ತಿ ನೋಡಿಕೊಂಡಳು.
ನಾನು ಟೇಪು ಸುತ್ತಿಬಿಟ್ಟಿದ್ದೆ.
ಬೆನ್ನಿನ ಅಳತೆ ಕೂಗುವುದು ಇನ್ನೂ ಬಾಕಿಯಿತ್ತು.