ಮೂಲೆಗಳನ್ನು ಬಿಟ್ಟು

ಪೀಣ್ಯ ಎರಡನೇ ಹಂತ, ಮೋರಿ ಪಕ್ಕದ ಅಡ್ಡರಸ್ತೆ.
ನಮ್ಮ ಶೆಡ್ಡಿನಲ್ಲಿ ನಾವು ಬೆರಳು ಮಾಡುತ್ತೇವೆ.

ಉಕ್ಕಿನವು. ಒಂದೊಂದೂ ನೂರ ಎಂಬತ್ತು ಗ್ರಾಂ.
ನಾಟಿ ಯಂತ್ರಕ್ಕೆ ಎಂಟು ಸಾಲು, ಸಾಲಿಗೊಂದು ಬೆರಳು,
ನಿಮಿಷಕ್ಕೆ ಇನ್ನೂರು ಸಲ
ಚಾಪೆಯಿಂದ ಸಸಿ ಚಿವುಟಿ ಕೆಸರಿಗೆ ಊರಬೇಕು.
ಇಲ್ಲಿ ಕೆಸರಿಲ್ಲ. ಕೂಲಂಟ್ ಇದೆ, ಹಾಲಿನಂತೆ ಬೆಳ್ಳಗೆ,
ಕೈಗೆ ಹತ್ತಿದರೆ ಮೂರು ದಿನ ಅನ್ನಕ್ಕೂ ಅದೇ ವಾಸನೆ.

ನನ್ನದು ಲೆಕ್ಕ. ಲೇತು ಮುಟ್ಟಿದವನಲ್ಲ,
ಗದ್ದೆಯನ್ನೂ ರೈಲಿನ ಕಿಟಕಿಯಿಂದ ಕಂಡವನು.
ಮಾಲೀಕರು ಕೇಳಿದ್ದು ಒಂದೇ ಹಾಳೆ:
ಎಕರೆಗೆ ಕೈನಾಟಿಗೆಷ್ಟು, ಯಂತ್ರಕ್ಕೆಷ್ಟು,
ಮೇಳದ ಮಳಿಗೆಯಲ್ಲಿ ದಪ್ಪಕ್ಷರದಲ್ಲಿ ಅಂಟಿಸಲು.

ಬರೆದೆ: ಹೆಣ್ಣಾಳು ಹನ್ನೆರಡು, ಕೂಲಿ, ಟೀ, ಎಲೆಅಡಿಕೆ,
ಟೆಂಪೋ ಬಾಡಿಗೆ, ಬರುತ್ತೇವೆಂದು ಬಾರದ ದಿನದ ನಷ್ಟ.
ಎದುರಿಗೆ: ಡೀಸೆಲ್ಲು, ಓಡಿಸುವವನೊಬ್ಬ,
ಚಾಪೆ ಸಸಿ, ಸವಕಳಿ.
ಅರ್ಧಕ್ಕರ್ಧ ಉಳಿತಾಯ. ಅಡಿಗೆರೆ ಎಳೆದೆ, ಎರಡು ಸಲ.

ಆದರೆ ಬೆರಳು ಬೇರು ಹರಿಯುತ್ತಿತ್ತು.
ಹೆಸರಘಟ್ಟದ ಆಚೆಯ ಪರೀಕ್ಷಾ ಗದ್ದೆಯಿಂದ
ಗೋಣಿಯಲ್ಲಿ ವಾಪಸು ಬಂದವು, ಜೊತೆಗೊಂದು ಚೀಟಿ:
ಸಸಿ ತೇಲುತ್ತಿವೆ.
ನವೀದ ವರ್ನಿಯರ್ ಹಿಡಿದು ಅಳೆದೇ ಅಳೆದ.
ನಕ್ಷೆಗೂ ಬೆರಳಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.
ನಕ್ಷೆಯೇ ತಪ್ಪಿದ್ದರೆ?

ಲೋಹದ ಸಿಪ್ಪೆ ಗುಡಿಸುತ್ತಿದ್ದ ಪಿಳ್ಳಮ್ಮ
ಪೊರಕೆ ಸಮೇತ ಬಂದು ಬಗ್ಗಿ ನೋಡಿದಳು.
“ಇದೇನು ಸ್ವಾಮಿ, ಮೀನು ಹಿಡಿಯೋ ಗಾಳವಾ?”
ಹೇಳಿದೆವು.
ಕಡ್ಡಿ ಪೊರಕೆಯನ್ನು ಎಡಗೈಗೆ ಒರಗಿಸಿಕೊಂಡು
ಬಲಗೈಯ ಮೂರು ಬೆರಳು ಕೂಡಿಸಿ
ಮೂರು ಕಡ್ಡಿ ಕಿತ್ತಳು, ಎಣಿಸದೆ.
“ಚುಚ್ಚಬಾರದು. ಜಾರಿಸಬೇಕು.
ಹೆಬ್ಬೆಟ್ಟು ಮುಂದೆ ಹೋಗಿ ಗುಳಿ ಮಾಡ್ತದೆ,
ಪೈರು ಅದರ ಹಿಂದೆ ನೆರಳಿನಂಗೆ ಇಳೀತದೆ.
ಕೈ ನೆಟ್ಟಗೆ ಎತ್ತಿದ್ರೋ, ಬೇರೂ ಜೊತೇಲೇ ಎದ್ದು ಬರ್ತದೆ.
ಓರೆ. ಹಿಂಗೆ. ಓರೆಯಾಗಿ ಹಿಂದಕ್ಕೆ.”

ಚೊಕ್ಕಸಂದ್ರದ ಕೆರೆ ಕೆಳಗೆ ಇಪ್ಪತ್ತೆರಡು ಮುಂಗಾರು.
ಈಗಲ್ಲಿ ಟೈಲ್ಸಿನ ಗೋದಾಮು.

ನವೀದ ಅವಳ ಕೈಯ ಪಕ್ಕ ಕೋನಮಾಪಕ ಹಿಡಿದ.
ಹದಿನಾಲ್ಕು ಡಿಗ್ರಿ. ಮತ್ತೆ ಮಾಡಮ್ಮ. ಹದಿನಾಲ್ಕು.
ಹತ್ತು ಸಲವೂ ಹದಿನಾಲ್ಕೇ.
ಅವಳಿಗೆ ನಗು, ಅವನಿಗೆ ಬೆವರು.

ತುದಿ ಉಜ್ಜಿದರು. ಮುಂದಿನ ಸಲ ಸಸಿ ನಿಂತವು.

“ನಿಮ್ಮವರ ಕೂಲಿ ಹೋಯಿತಲ್ಲ, ಬೇಸರವಿಲ್ಲವೆ?”
ಕೇಳಬಾರದಿತ್ತೇನೋ. ಕೇಳಿದೆ.
“ಬೇಸರಾನಾ? ಕೇಳಿ ನನ್ ಸೊಂಟಾನ.
ಬಗ್ಗಿದಾಗ ಹುಡುಗಿ, ಎದ್ದಾಗ ಅಜ್ಜಿ.
ಕಾಲ್ಬೆರಳ ಸಂದೀಲಿ ಕೆಸರುಹುಣ್ಣು, ದೀಪಾವಳಿಗಂಟ.
ಕಬ್ಬಿಣಕ್ಕೆ ಸೊಂಟ ಇಲ್ವಲ್ಲ, ನೆಡ್ಲಿ ಬಿಡಿ.”
ಒಂದಷ್ಟು ಗುಡಿಸಿ, ತಿರುಗಿ ಬಂದು:
“ಆದ್ರೆ ಮೂಲೆ?”
ಯಾವ ಮೂಲೆ?
“ಗದ್ದೆ ಮೂಲೆ. ಗಾಡಿ ತಿರುಗಕ್ಕಾಗ್ದೆ ಇರೋದು.
ಬದುವಿನ ಪಕ್ಕ ಎರಡು ಮೊಳ.
ಅದನ್ಯಾರು ನೆಡ್ತಾರೆ? ಅವರ ಕೂಲಿ ಬರ್ದಿದ್ದೀರಾ?”

ಬರೆದಿರಲಿಲ್ಲ.
ಕೈಪಿಡಿಯ ನಲವತ್ತನೇ ಪುಟದಲ್ಲಿತ್ತು, ಸಣ್ಣಕ್ಷರದಲ್ಲಿ:
ಉಳಿದ ಭಾಗವನ್ನು ಕೈಯಿಂದ ತುಂಬಿಸಿಕೊಳ್ಳುವುದು.
ಯಾರ ಕೈ ಎಂದಿಲ್ಲ.

ಹಾಳೆ ತಿದ್ದಿದೆ. ಎರಡು ಹೆಣ್ಣಾಳು, ಅರ್ಧ ದಿನ, ಟೀ.
ಉಳಿತಾಯ ಅರ್ಧಕ್ಕಿಂತ ತುಸು ಕೆಳಗಿಳಿಯಿತು.
ಮಾಲೀಕರು ಆ ಸಾಲಿಗೆ ಗೀಟು ಹೊಡೆದು
ಅಡಿಯಲ್ಲೊಂದು ನಕ್ಷತ್ರ ಹಾಕಿಸಿದರು:
ಮೂಲೆಗಳನ್ನು ಬಿಟ್ಟು.

ಶನಿವಾರ ಬಟವಾಡೆ.
ಪುಸ್ತಕದಲ್ಲಿ ಪಿಳ್ಳಮ್ಮನ ಹೆಸರಿನೆದುರು ‘ಗುಡಿಸುವುದು’ ಎಂದಿದೆ,
ಬೇರೆ ಏನಾದರೂ ಬರೆಯಲು ಅಲ್ಲಿ ಕಾಲಂ ಇಲ್ಲ.
ಮಸಿಗೆ ಹೆಬ್ಬೆಟ್ಟು ತಾಗಿಸಿದಳು,
ಒತ್ತಿ, ಓರೆಯಾಗಿ ಹಿಂದಕ್ಕೆ ತೆಗೆದಳು.

ಒಂದು ಗೆರೆಯೂ ಕಲಸಿರಲಿಲ್ಲ.