ಕಿವಿಗೆ ಹತ್ತಿ

ಭದ್ರಾವತಿ, ಪೇಪರ್ ಟೌನಿನ ಕ್ವಾರ್ಟರ್ಸು. ಹದಿನಾಲ್ಕನೆಯ ದಿನ.
ಮಿಕ್ಸಿ, ತೊಟ್ಟಿಲ ಸರಪಳಿ, ನೋಡಬಂದವರ ಬಳೆ
ಎಲ್ಲ ಒಟ್ಟಿಗೇ ತಲೆಯೊಳಗೆ ಬಂದು ಕೂರುತ್ತವೆ.
"ಬಾಣಂತಿ ಮಾತೇ ಆಡಲ್ಲ, ಮಗೂನ ನೋಡೋದೂ ಇಲ್ಲ."
ನೋಡುತ್ತೇನೆ. ಉಗುರು ಎಣಿಸಿದ್ದೇನೆ;
ಎಡಗಾಲ ಕಿರುಬೆರಳಿನದು ಅಕ್ಕಿನುಚ್ಚಿನಷ್ಟು.

ನೀರು ಹಾಕಲು ಬರುವ ದ್ಯಾವಮ್ಮ ಮಾತ್ರ
ಮುಟ್ಟುವ ಮೊದಲು ಹೇಳುತ್ತಾಳೆ:
"ಈಗ ಬೆನ್ನು. ಎಂಟು ಚೊಂಬು. ಆಮೇಲೆ ತಲೆ."
ಎಂಟೇ ಹಾಕುತ್ತಾಳೆ.
ಸಾಂಬ್ರಾಣಿಗೆ ನಾನು ನಡುಗಿದ ಮಾರನೆಯ ದಿನ
ಕೆಂಡವನ್ನಷ್ಟೇ ತಂದಿಟ್ಟಳು, ಯಾರನ್ನೂ ಕೇಳಲಿಲ್ಲ.

ಕಿವಿಗೆ ಹತ್ತಿ, ಮೇಲೊಂದು ಸ್ಕಾರ್ಫು.
ಶೀತಕ್ಕೆ ಅಂತ ಮನೆಮಂದಿ ತಿಳಿದಿದ್ದಾರೆ.
"ಮೂರು ತಿಂಗಳು ಯಾರೂ ತೆಗೆ ಅನ್ನಲ್ಲ ಬಿಡವ್ವ"
ಎಂದು ಇನ್ನೊಂದೆಳೆ ತುರುಕಿದಳು.

ಆಮೇಲೆ ಮಗಳು ಹಾಲು ನುಂಗುವುದು ಕೇಳಿಸಿತು,
ಎದೆಗೆ.
ಎಣಿಸಿದೆ. ಮೂವತ್ತೊಂದು.